ಮಂಜುಳಾ ಮಡಿಲು ತುಂಬಿದರು

ಸುಧಾ ಮತ್ತು ಅವರ ಗಂಡ, ತಮ್ಮ ಮಗುವನ್ನು ಹೊಟ್ಟೆಯಲ್ಲಿ ಹೊರಲು ಮುಂದೆ ಬಂದಿದ್ದ ಮಂಜುಳಾರನ್ನು ಮೊದಲ ಸಲ ಕಂಡಿದ್ದು ಬಸವನಗುಡಿಯ ನಮ್ಮ ಆಸ್ಪತ್ರೆಯಲ್ಲಿ. ಮಂಜುಳಾ ಇನ್ನೂ ಒಪ್ಪಿಗೆಪತ್ರಕ್ಕೆ ಸಹಿ ಹಾಕಿರಲಿಲ್ಲ. ಮೂವರನ್ನೂ ಕೂರಿಸಿ ಮಾತಾಡಿಸುವುದು ಅಲ್ಲಿ ನನ್ನ ಕೆಲಸ; ಮಾತು ನಿಂತುಹೋಗದಿರಲೆಂದು ಹನ್ನೊಂದು ಪ್ರಶ್ನೆ ಬರೆದಿಟ್ಟಿದ್ದೆ.

ಮಂಜುಳಾರ ಮಡಿಲು ತುಂಬಲು ಸುಧಾ ತೆಂಗಿನಕಾಯಿ, ರವಿಕೆ ಕಣ, ಕುಂಕುಮ ತಂದಿದ್ದರು. ಎದ್ದವರು ಅಲ್ಲೇ ನಿಂತುಬಿಟ್ಟರು. "ಮಕ್ಕಳಿಲ್ಲದವಳು ನಾನು ತುಂಬಬಹುದಾ?"

"ಇಲ್ಲಿ ಕೊಡಿ ಅಕ್ಕಾ." ಮಂಜುಳಾ ಕಾಯಿ ತೆಗೆದುಕೊಂಡು ಸುಧಾ ಅವರ ಮಡಿಲಿಗೇ ಹಾಕಿದರು. "ಹೊರೋಳು ನಾನು, ಅಮ್ಮ ಆಗೋರು ನೀವು. ಸೆರಗು ಗಟ್ಟಿಯಾಗಿ ಹಿಡ್ಕೊಳಿ."

"ನಾನೇನ್ ಮಾಡ್ಲಿ?" ಎಂದರು ಗಂಡ.

"ನೀವು ಚೀಲ ಹಿಡ್ಕೊಳಿ ಅಣ್ಣಾ."

ಮೂವರೂ ನಕ್ಕರು. ಮಂಜುಳಾ ಸಹಿ ಹಾಕಿದರು. ಆಮೇಲೆ ಕುಂಕುಮ ಕಟ್ಟಿಕೊಳ್ಳಲು ಕಾಗದ ಹುಡುಕಿ, ನನ್ನ ಪ್ರಶ್ನೆಗಳ ಹಾಳೆ ಎತ್ತಿಕೊಂಡು, "ಇದು ಬೇಕಾ?" ಎಂದರು.

ಬೇಡ ಎಂದೆ.