ಆಸಾಡಿಗೆ ತವರಿಗೆ ಬರುವ ನಾಯಿಗಳು

ಜುಲೈ ಹದಿಮೂರು, ಭಾನುವಾರ. ಬೆಳಿಗ್ಗೆ ಆರೂಕಾಲಿಗೆ ಇದನ್ನು ಬರೆಯಲು ಕೂತೆ.

ಅವರ ಎಡ ಹೆಗಲು ಬಲ ಹೆಗಲಿಗಿಂತ ಎರಡು ಬೆರಳಿನಷ್ಟು ಕೆಳಗಿತ್ತು. ಕುಂದಾಪುರದಿಂದ ಬೈಂದೂರಿಗೆ ಹೋಗುವ ಖಾಸಗಿ ಬಸ್ಸಿನಲ್ಲಿ ವರ್ಷಗಟ್ಟಲೆ ಚಿಲ್ಲರೆ ತುಂಬಿದ ಚರ್ಮದ ಚೀಲ ಹೊತ್ತು ಹಾಗಾದದ್ದು. ಕೆಲಸ ಬಿಟ್ಟ ಮೇಲೂ ಚೀಲ ಹೆಗಲಿನಿಂದ ಇಳಿಯಲಿಲ್ಲ. ನಾನು ಅವರನ್ನು ಮೊದಲು ನೋಡಿದ ದಿನ ಬೂದು ಬಣ್ಣದ ಬೆಕ್ಕಿನ ಮರಿಯೊಂದು ಆ ಚೀಲದಿಂದ ತಲೆ ಹೊರಗೆ ಹಾಕಿ ಅವರ ಅಂಗಿಯ ಗುಂಡಿ ಚೀಪುತ್ತಿತ್ತು. ಅವರು ಅದರ ಪರಿವೆಯೇ ಇಲ್ಲದೆ ನನ್ನೊಡನೆ ಮಾತಾಡುತ್ತಿದ್ದರು.

ಊರಿಗೆಲ್ಲ ಅವರು ಕಂಡಕ್ಟ್ರು. ನನಗೆ ಕಂಡಕ್ಟರ್ ಮಾವ.

ಕುಂದಾಪುರದ ಕಡಲಂಚಿನ ಕೋಡಿಯಲ್ಲಿ ನಿಂತುಹೋದ ಐಸ್ ಪ್ಲಾಂಟ್ ಒಂದರ ಹಿಂದೆ ಒಂದು ಶೆಡ್ಡಿತ್ತು. ಯಾರಿಗೂ ಬೇಡವಾದ ನಾಯಿ, ಬೆಕ್ಕುಗಳನ್ನು ಅಲ್ಲಿ ಇಟ್ಟುಕೊಂಡು, ಊರಿನ ನಾಲ್ಕಾರು ಜನರನ್ನು ಜೊತೆಗೆ ಸೇರಿಸಿಕೊಂಡು, ಅವಕ್ಕೊಂದು ಮನೆ ಹುಡುಕಿಕೊಡುವುದು ಅವರ ಕೆಲಸ. ದೋಣಿಯವರು ಮಾರಾಟವಾಗದ ಮೀನು ಕೊಡುತ್ತಿದ್ದರು. ಹೋಟೆಲಿನಿಂದ ಅನ್ನ ಬರುತ್ತಿತ್ತು. ಆದರೆ ಶೆಡ್ಡು ಅವರದಲ್ಲ. ಪ್ಲಾಂಟ್ ಮತ್ತೆ ಶುರುವಾದರೆ ಖಾಲಿ ಮಾಡಬೇಕು ಎಂಬ ಬಾಯಿಮಾತಿನ ಮೇಲೆ ಮಾಲೀಕರು ಬಿಟ್ಟುಕೊಟ್ಟದ್ದು. ಆಗ ಇಷ್ಟೂ ಜೀವಗಳು ಎಲ್ಲಿಗೆ ಹೋಗಬೇಕು ಎಂದು ಯಾರಾದರೂ ಕೇಳಿದರೆ, "ಆ ಸ್ಟಾಪ್ ಬಂದಾಗ ಇಳಿವ" ಎನ್ನುತ್ತಿದ್ದರು. ಮಾತಿನಲ್ಲಿ ತಮಾಷೆಯಿತ್ತು. ಕಣ್ಣಲ್ಲಿ ಇರಲಿಲ್ಲ.

ಈ ಕೆಲಸ ಅವರಿಗೆ ಹತ್ತಿದ್ದು ಬಸ್ಸಿನಲ್ಲಿ. ನಮ್ಮ ಕಡೆ ಬೇಡದ ಬೆಕ್ಕನ್ನು ಹೊಳೆ ದಾಟಿಸಿ ಬಿಡುತ್ತಾರೆ. ಹೊಳೆ ದಾಟಿದ ಬೆಕ್ಕು ತಿರುಗಿ ಮನೆಗೆ ಬರುವುದಿಲ್ಲ ಎಂಬ ನಂಬಿಕೆ. ಬಸ್ಸು ಸೇತುವೆಗೆ ಬರುವ ಹೊತ್ತಿಗೆ ಯಾರದ್ದೋ ಕಾಲಬುಡದ ಗೋಣಿಚೀಲ ಅಲುಗಾಡುತ್ತಿತ್ತು. ಮುಂದಿನ ಸ್ಟಾಪಿನಲ್ಲಿ ಚೀಲದೊಂದಿಗೆ ಇಳಿದವರು ಮಧ್ಯಾಹ್ನದ ಟ್ರಿಪ್ಪಿನಲ್ಲಿ ಬರಿಗೈಯಲ್ಲಿ ಹತ್ತುತ್ತಿದ್ದರು. "ಹೋಪತಿಗೆ ಇಬ್ರ್, ಬಪ್ಪತಿಗೆ ಒಬ್ರಾ?" ಎಂದು ಟಿಕೆಟ್ ಹರಿಯುತ್ತ ಇವರು ಕೇಳಿದರೆ ಅವರು ಕಿಟಕಿಯ ಕಡೆ ನೋಡುತ್ತಿದ್ದರು. ಅಷ್ಟು ಕೆಣಕುವುದೇ ಹೊರತು ಬೈಯುತ್ತಿರಲಿಲ್ಲ. ಶೆಡ್ಡಿಗೆ ತಂದುಬಿಟ್ಟವರನ್ನೂ ಬೈದದ್ದು ನಾನು ಕಾಣೆ. ಕಾರಣ ಕೇಳಿದ್ದಕ್ಕೆ, "ಇಲ್ಲ್ ತಂದದ್ದಕ್ಕೆ ಬೈದ್ರೆ ನಾಳೆ ಹೊಳಿ ದಾಟ್ಸ್ತ್ರ್, ಮಗಾ" ಎಂದಿದ್ದರು.

ನಾನು ಅಲ್ಲಿಗೆ ಹೋದದ್ದು ಪಿಂಕಿಯಿಂದಾಗಿ. ಬೀಜಾಡಿಯಲ್ಲಿ ನಮ್ಮ ಪಕ್ಕದ ಬಾಡಿಗೆಯವರು ಮನೆ ಖಾಲಿ ಮಾಡುವಾಗ ಪಿಂಕಿಯನ್ನು ಕಟ್ಟಿದ ಕಂಬದಲ್ಲೇ ಬಿಟ್ಟು ಹೋಗಿದ್ದರು. ಹೆಸರು ಕೇಳಿ ಪುಟ್ಟ ಬಿಳಿ ನಾಯಿ ಎಂದುಕೊಳ್ಳಬೇಡಿ. ಕರಿಯ, ಎಮ್ಮೆಕರುವಿನಷ್ಟು ದೊಡ್ಡ ಹೆಣ್ಣುನಾಯಿ. ಅದನ್ನು ಶೆಡ್ಡಿಗೆ ಕರೆದೊಯ್ದೆ. ಮಾವ ಬಿಟ್ಟವರ ವಿಚಾರ ಎತ್ತಲೇ ಇಲ್ಲ. "ಇದ್ ಎಂತಕ್ ಹೆದ್ರುತ್ತ್?" ಎಂದು ಕೇಳಿದರು. ತೆಂಗಿನಕಾಯಿ ಬೀಳುವ ಸದ್ದಿಗೆ ಎಂದೆ. "ಹಾಂಗಾರೆ ತೆಂಗಿನ ತೋಟದವ್ರಿಗೆ ಆತಿಲ್ಲೆ" ಎಂದು ಅಲ್ಲೇ ತೀರ್ಮಾನಿಸಿದರು. ಮುಂದಿನ ಭಾನುವಾರ ಅದನ್ನು ನೋಡಲು ಹೋದೆ. ಆಮೇಲೆ ಭಾನುವಾರಗಳೆಲ್ಲ ಅಲ್ಲೇ. ನಾನು ಸಹಕಾರಿ ಸಂಘವೊಂದರಲ್ಲಿ ಲೆಕ್ಕ ಬರೆಯುವವಳು, ದಿನಚರಿಯೂ ಇಡುತ್ತೇನೆ. ಬಂದದ್ದು, ಹೋದದ್ದು, ಇಂಜೆಕ್ಷನ್ ಆದದ್ದು ಎಲ್ಲವನ್ನೂ ಬರೆದಿಡುವ ಕೆಲಸ ನನ್ನ ಪಾಲಿಗೆ ಬಂತು.

ಕೇಳಿದವರಿಗೆಲ್ಲ ಅವರು ನಾಯಿ ಕೊಡುತ್ತಿರಲಿಲ್ಲ. ಹೆಣ್ಣು ಕೊಡುವವರ ಹಾಗೆ ಮೊದಲು ಹೋಗಿ ಮನೆ ನೋಡುತ್ತಿದ್ದರು. ಜಗಲಿಯಲ್ಲಿ ಕೂತು, ಕೊಟ್ಟ ನೀರು ಬೆಲ್ಲ ತೆಗೆದುಕೊಂಡು, ಮನೆಮಂದಿಯನ್ನೆಲ್ಲ ಮಾತಾಡಿಸಿ ಬರುತ್ತಿದ್ದರು. ಪಿಂಕಿಯನ್ನು ಕೇಳಿ ಬೈಂದೂರು ದಾರಿಯ ನಾವುಂದದಿಂದ ಫೋನ್ ಬಂದಾಗ ಮಾವನ ಜೊತೆ ನಾನೂ ಹೋದೆ. ಕೇಳಿದ್ದು ಮೊಬೈಲ್ ರಿಪೇರಿ ಅಂಗಡಿಯ ಯುವಕ. ನಾವು ಹೋದಾಗ ಅವನು ಮನೆಯಲ್ಲಿರಲಿಲ್ಲ, ತಾಯಿ ಇದ್ದರು. "ಭಾನ್ವಾರ ಇಬ್ರ್ ಮನಿ ಕಾಂಬುಕ್ ಬತ್ರ್" ಎಂದಷ್ಟೇ ಹೇಳಿ ಪೇಟೆಗೆ ಹೋಗಿದ್ದ ಮಗರಾಯ.

ಆ ತಾಯಿ ಒಳ್ಳೆಯ ಸೀರೆ ಉಟ್ಟಿದ್ದರು. ನನ್ನನ್ನು ತಲೆಯಿಂದ ಕಾಲಿನವರೆಗೆ ನೋಡಿ, "ಹೆಣ್ಣೇ ಬಂದಿತ್ತಾ? ಒಳ್ಳೇದಾಯ್ತ್. ಈಗಿನ್ ಕಾಲದಗೆ ಕಣ್ಣಾರೆ ಕಾಂಬುದೇ ಒಳ್ಳೇದ್" ಎಂದರು. ಬಿಸಿ ಬಿಸಿ ಗೋಳಿಬಜೆ ಬಂತು. ಹೊಸದಾಗಿ ಕಟ್ಟಿಸಿದ ಕೋಣೆ ತೋರಿಸಿದರು. ವಾಷಿಂಗ್ ಮೆಷಿನ್ನಿನ ಮುಚ್ಚಳ ತೆರೆದು ತೋರಿಸಿದರು. ಮಗ ಕುಡಿಯುವುದಿಲ್ಲ ಎಂದೂ ಹೇಳಿದರು. ನಾಯಿ ಕೊಡಲು ಇಷ್ಟೆಲ್ಲ ಯಾಕೆ ಎಂದು ನನಗೆ ಅನಿಸುತ್ತಿತ್ತು. ಮಾವ ಮಾತ್ರ ತಮ್ಮ ಎಂದಿನ ಪ್ರಶ್ನೆಗಳನ್ನು ಹಿಡಿದುಕೊಂಡು ಹೋಗುತ್ತಿದ್ದರು.

"ರಾತ್ರಿ ಒಳ್ಗ್ ಮಲ್ಗ್ಸ್ತ್ರ್ಯಾ, ಹೊರ್ಗಾ?"

ತಾಯಿಯ ಮುಖ ಗಂಟಿಕ್ಕಿತು. "ಹೊರ್ಗ್ ಮಲ್ಗ್ಸೂದಾ? ಎಂತ ಮಾತ್ ಆಡ್ತ್ರಿ ನೀವ್? ನಾನ್ ಹಾಂಗಿಪ್ಪ ಅತ್ತಿ ಅಲ್ಲ."

ಅಷ್ಟರಲ್ಲಿ ಮಗ ಬಂದ. ಚಪ್ಪಲಿ ಬಿಡುತ್ತಲೇ, "ಅಮ್ಮ, ನಾಯಿ ಫೋಟೋ ತೋರ್ಸಿದ್ರಾ?" ಎಂದ.

ಆ ತಾಯಿ ನಗಲು ಶುರುಮಾಡಿದರು. ಸೆರಗಿನಿಂದ ಕಣ್ಣೊರೆಸಿಕೊಂಡು, "ಇಷ್ಟೊತ್ತ್ ನಾನ್ ನಾಯಿ ಬದಿಯವ್ರಿಗಾ ಗೋಳಿಬಜೆ ಕರ್ದದ್ದ್?" ಎಂದರು. ತಟ್ಟೆಯನ್ನು ಮಾವನ ಕಡೆ ನೂಕಿ, "ಆಯ್ಲಿ ಬೀಗ್ರೇ, ಕರ್ದದ್ದ್ ಕರ್ದಾಯ್ತ್. ಇನ್ನೊಂದ್ ತಿನ್ನಿ." ಮಾವ ಗಂಭೀರವಾಗಿ ಇನ್ನೊಂದು ತಿಂದರು.

ಸಂಬಂಧ ಕುದುರಿತು ಎಂದುಕೊಂಡೇ ನಾನು ಬಸ್ಸು ಹತ್ತಿದ್ದೆ. ಮಾವ ತಲೆ ಅಲ್ಲಾಡಿಸಿದರು. "ಇವತ್ತ್ ತೋರ್ಸದ್ದ್ ಸೊಸಿಗೆ. ನಾಯಿಗೆ ಎಂತ ಇತ್ತ್ ಅಂದೇಳಿ ಕಾಂಬುಕ್ ಇನ್ನೊಂದ್ಸಲ ಹೋಯ್ಕ್."

ಹೋದೆವು. ವಾರದ ನಡುವೆ, ಮೀನು ಬರುವ ಹೊತ್ತಿಗೆ, ಹೇಳದೆ. ನಾನು ಸಂಘಕ್ಕೆ ರಜೆ ಹಾಕಿದ್ದೆ. ಮನೆಯ ಹಿಂದೆ ಆ ತಾಯಿ ಹಳೆಯ ಸೀರೆ ಎತ್ತಿಕಟ್ಟಿಕೊಂಡು ಕಲ್ಲಿನ ಮೇಲೆ ಬಂಗುಡೆ ಕೊಯ್ಯುತ್ತಿದ್ದರು. ಪಕ್ಕದ ಮನೆಯ ಬೆಕ್ಕು ಎದುರು ಕೂತಿತ್ತು. "ನಿಮ್ಮನ್ಯಗೆ ಮೀನ್ ತರೂದಿಲ್ಯಾ? ದಿನಾ ಇಲ್ಲೇ ಬಪ್ಪುದಾ, ನಾಚ್ಕಿ ಇಲ್ಲೆ" ಎಂದು ಅದಕ್ಕೆ ಬೈಯುತ್ತಲೇ ಒಂದು ತಲೆ ಎಸೆದರು, ಅದು ತಿಂದು ಮುಗಿಸುವವರೆಗೆ ಕಾಗೆ ಅಟ್ಟಿದರು. ಬಾವಿಕಟ್ಟೆಯ ಆಚೆ ನಿಂತು ನೋಡುತ್ತಿದ್ದ ಮಾವ, "ಸಾಕ್, ಹೋಪ" ಎಂದರು. ನಮ್ಮನ್ನು ಅವರು ನೋಡಲೇ ಇಲ್ಲ. ಮರುಭಾನುವಾರ ಪಿಂಕಿ ನಾವುಂದಕ್ಕೆ ಹೋಯಿತು.

ಹೆಣ್ಣು ಕೊಟ್ಟ ಮೇಲೆ ತವರಿನ ಬಾಗಿಲು ಹಾಕುವುದಿಲ್ಲವಲ್ಲ. ನಮ್ಮಲ್ಲಿ ಹೊಸದಾಗಿ ಮದುವೆಯಾದವರು ಆಷಾಢದಲ್ಲಿ, ನಮ್ಮ ಬಾಯಲ್ಲಿ ಆಸಾಡಿಯಲ್ಲಿ, ತವರಿಗೆ ಬರುತ್ತಾರೆ. ಮಾವ ತಾವು ಕೊಟ್ಟ ನಾಯಿ, ಬೆಕ್ಕುಗಳನ್ನೂ ಆಸಾಡಿಯ ಒಂದು ಭಾನುವಾರ ಶೆಡ್ಡಿಗೆ ಕರೆಸುತ್ತಿದ್ದರು. ಒಂದೊಂದು ಮನೆಗೂ ತಾವೇ ಫೋನ್ ಮಾಡುತ್ತಿದ್ದರು. ಪಶುವೈದ್ಯರು ಬಂದು ಹುಚ್ಚುನಾಯಿ ರೋಗದ ಇಂಜೆಕ್ಷನ್ ಕೊಡುತ್ತಿದ್ದರು, ಕಿವಿಯ ಉಣ್ಣಿ ನೋಡುತ್ತಿದ್ದರು. ಹೊರಡುವಾಗ ಒಣಮೀನಿನ ಪೊಟ್ಟಣ. "ತವರಿಂದ ಬರಿಗೈಯಗೆ ಕಳ್ಸೂಕಾಗ."

ಉಪಚಾರದ ಜೊತೆಗೆ ಅದು ತಪಾಸಣೆಯೂ ಹೌದು. ಮಾವ ಪಕ್ಕೆಲುಬಿನ ಮೇಲೆ ಅಂಗೈ ಆಡಿಸಿ ನೋಡುತ್ತಿದ್ದರು. ಯಜಮಾನ ಕೈ ಎತ್ತಿದಾಗ ನಾಯಿ ಮುದುಡಿಕೊಂಡರೆ ಅದನ್ನು ತಿರುಗಿ ಕಳಿಸುತ್ತಿರಲಿಲ್ಲ. "ಈ ಸಲ ಇಲ್ಲೇ ಇರ್ಲಿ ಮರ್ರೆ" ಎಂದು ಮೆಲ್ಲಗೆ ಹೇಳಿ ಹಗ್ಗ ಕೈಗೆ ತೆಗೆದುಕೊಳ್ಳುತ್ತಿದ್ದರು. ಜಗಳವಾದದ್ದಿಲ್ಲ.

ಕಳೆದ ವರ್ಷ ಜೂನ್ ಮೊದಲ ವಾರ ಮಾಲೀಕರು ಬಂದರು. ಮಳೆಗಾಲದ ನಿಷೇಧ ಮುಗಿದು ಆಗಸ್ಟಿನಲ್ಲಿ ಬೋಟುಗಳು ಕಡಲಿಗಿಳಿಯುವ ಹೊತ್ತಿಗೆ ಪ್ಲಾಂಟ್ ಶುರುಮಾಡಬೇಕು, ಶೆಡ್ಡು ಬಿಡಿ ಎಂದರು. ಅವರದೇನೂ ತಪ್ಪಿಲ್ಲ, ಮಾತು ಮೊದಲೇ ಆಗಿತ್ತು. ಆಗ ಶೆಡ್ಡಿನಲ್ಲಿ ಒಂಬತ್ತು ನಾಯಿ, ಹದಿನಾಲ್ಕು ಬೆಕ್ಕು. ಜೂನ್ ಪೂರ್ತಿ ನಾವು ಜಾಗ ಹುಡುಕಿದೆವು. ನಾಯಿ ಎಂದ ಕೂಡಲೇ ಎಲ್ಲರೂ ಬೇಡ ಎಂದರು. ಹಾಗಿರುವಾಗ ಮಾವ ಆಸಾಡಿಗೆ ಫೋನ್ ಮಾಡಲು ಕೂತರು. ನಾನು ತಡೆದೆ.

"ಮಾವ, ಈ ವರ್ಷ ಬೇಡ. ಬಂದವ್ರ್ ಇಲ್ಲೇ ಬಿಟ್ಟ್ ಹೋರೆ ಎಂತ ಮಾಡೂದ್? ಇದ್ದವಕ್ಕೇ ಜಾಗ ಇಲ್ಲೆ."

"ತವರಮನಿ ಬೀಳ್ತ್ ಅಂದೇಳಿ ಮಗಳನ್ನ್ ಕರಿದೆ ಇಪ್ಪುದಾ?" ಎಂದು ಫೋನ್ ಕಿವಿಗಿಟ್ಟುಕೊಂಡರು.

ನಾನು ಹೆದರಿದ ಹಾಗೇ ಆಯಿತು. ಆ ಭಾನುವಾರ ಮೊದಲು ಬಂದವರೇ ಮುಂಬೈಗೆ ಮನೆ ಬದಲಾಯಿಸುವವರು, ನಾಯಿ ಬಿಟ್ಟು ಹೋಗಲೆಂದೇ ಬಂದಿದ್ದರು. ಮಾವ ನನ್ನ ಮುಖ ನೋಡದೆ ಹಗ್ಗ ಹಿಡಿದುಕೊಂಡರು. ಅಲ್ಲಿಗೆ ಹತ್ತು ನಾಯಿ.

ಹತ್ತೂವರೆಗೆ ನಾವುಂದದ ತಾಯಿ ಪಿಂಕಿಯನ್ನು ರಿಕ್ಷಾದಲ್ಲಿ ಕೂರಿಸಿಕೊಂಡು ಬಂದಿಳಿದರು. ಹೊರಗೆ ಪ್ಲಾಸ್ಟಿಕ್ ಹೊದಿಸಿದ ಹೊಸ ಯಂತ್ರ ಕಂಡು, "ಬೀಗ್ರೇ, ಇದೆಂತ?" ಎಂದರು. ಮಾವ ಮಾತು ಮರೆಸಿದರು. ನಾನು ಎಲ್ಲವನ್ನೂ ಹೇಳಿಬಿಟ್ಟೆ. ಆ ತಾಯಿಗೆ ಸಿಟ್ಟು ಬಂತು.

"ಬೀಗ್ರ್ ಮನಿ ಖಾಲಿ ಮಾಡೂದ್ ನಂಗ್ ಗೊತ್ತಿಲ್ಲೆ ಅಂದ್ರೆ ಎಂತ ಸಂಬಂಧ ಇದ್?"

ಅಲ್ಲೇ ನಿಂತು ಬ್ರಹ್ಮಾವರದಲ್ಲಿರುವ ತಮ್ಮನಿಗೆ ಫೋನ್ ಹಚ್ಚಿದರು. ಮಳೆಯ ಸದ್ದಿಗೆ ಸ್ಪೀಕರ್ ಹಾಕಿದ್ದರಿಂದ ಎಲ್ಲರಿಗೂ ಕೇಳಿಸಿತು.

"ಹ್ವಾಯ್, ನಿನ್ ಕೋಳಿ ಫಾರ್ಮಿನ ಶೆಡ್ ಖಾಲಿ ಇತ್ತ್ ಅಲ್ದಾ? ನಮ್ ಬೀಗ್ರಿಗೆ ಬೇಕ್."

"ಯಾವ್ ಬೀಗ್ರ್? ಮಾಣಿಗ್ ಮದಿ ಆಯ್ತಾ? ನಂಗ್ ಹೇಳ್ದೇ?"

"ಪಿಂಕಿ ಬದಿ ಬೀಗ್ರ್ ಮಾರಾಯಾ."

ತಮ್ಮ ಒಪ್ಪಲಿಲ್ಲ. ಬಂದು ನೋಡದೆ ಏನೂ ಹೇಳುವುದಿಲ್ಲ ಎಂದ. ಬುಧವಾರ ಸಂಜೆ ಬರುತ್ತೇನೆಂದ. ಅಂದು ಅರ್ಧ ದಿನ ರಜೆ ಹಾಕಿ, ಶೆಡ್ಡು ತೊಳೆದು ಫಿನಾಯಿಲ್ ಹಾಕೋಣ ಎಂದು ನಾನು ಬಕೆಟ್ ಎತ್ತಿದೆ. ಮಾವ ಬೇಡವೆಂದರು. "ದಿನಾ ತೊಳ್ದಾಂಗೆ ತೊಳಿ, ಸಾಕ್. ಅವ್ರಿಗೂ ಇಪ್ಪಾಂಗೇ ಕಾಣ್ಲಿ." ಆದರೆ ಅವರ ಕೈ ನಿಲ್ಲುತ್ತಿರಲಿಲ್ಲ, ಚೀಲದ ಬಕಲು ಹಾಕುವುದು, ತೆಗೆಯುವುದು.

ಆ ತಮ್ಮ ಬಂದಾಗ ಊಟದ ಹೊತ್ತು. ಹತ್ತು ನಾಯಿಗಳು ತಂತಮ್ಮ ತಟ್ಟೆಯ ಮುಂದೆ ಕೂತಿದ್ದವು. ಮಾವ ಒಂದೊಂದರ ಹೆಸರು ಕರೆದು ಬಡಿಸುತ್ತಿದ್ದರು. ಕರೆಯದ ನಾಯಿ ಏಳುತ್ತಿರಲಿಲ್ಲ. ಹಿಂದಿನ ಬಾಗಿಲಲ್ಲಿ ನಿಂತು ಆತ ಕೊನೆಯ ತಟ್ಟೆಯವರೆಗೂ ನೋಡಿದ. ಮೂಗು ಅರಳಿಸಿ ವಾಸನೆಯನ್ನೂ ಪರೀಕ್ಷಿಸಿದ. ಕೊನೆಗೆ, "ನಮ್ ಮನಿ ಮದಿ ಊಟಕ್ಕೂ ಜನ ಹೀಂಗ್ ಕೂಕಂತಿಲ್ಲೆ" ಎಂದ. "ಫಾರ್ಮಿನಗೆ ಬಾವಿ ಇತ್ತ್. ಮಾಡಿಗೆ ನಾಕ್ ಶೀಟ್ ಹಾಕ್ಕ್. ಬನ್ನಿ."

ಜುಲೈ ಕೊನೆಯ ಭಾನುವಾರ, ಎರಡು ಟೆಂಪೋದಲ್ಲಿ ಎಲ್ಲವೂ ಬ್ರಹ್ಮಾವರಕ್ಕೆ ಹೋದವು. ಮೊದಲ ಟೆಂಪೋದ ಹಿಂಬಾಗಿಲಲ್ಲಿ ನಿಂತು ಮಾವ ತಗಡಿಗೆ ಎರಡು ಸಲ ಬಡಿದು "ರೈಟ್" ಎಂದರು. ಮುಂಬೈಯವರ ನಾಯಿಗೆ ಒಂದು ತಿಂಗಳೊಳಗೆ ಮನೆ ಸಿಕ್ಕಿತು. ಆ ತಮ್ಮನೇ ಇಟ್ಟುಕೊಂಡ.

ಈ ಮಾರ್ಚಿನಲ್ಲಿ ಮಾವ ತೀರಿಕೊಂಡರು. ಬೆಳಗಿನ ಅನ್ನ ಹಾಕಿ ಮುಗಿಸಿ, ಬೆಂಚಿನ ಮೇಲೆ ಕೂತವರು ಏಳಲಿಲ್ಲ. ಕಷ್ಟಪಡಲಿಲ್ಲ ಎಂದು ಡಾಕ್ಟರು ಹೇಳಿದರು. ಕೆಲಸ ನಿಂತಿಲ್ಲ. ಈಗ ಮನೆ ನೋಡಲು ನಾನು ಹೋಗುತ್ತೇನೆ, ಪ್ರತಿ ಮನೆಗೂ ಎರಡು ಸಲ. ಎರಡನೆಯ ಸಲ ಹೇಳದೆ.

ಹೋದ ಭಾನುವಾರ ಬ್ರಹ್ಮಾವರದ ಶೆಡ್ಡಿನಲ್ಲಿ ಆಸಾಡಿ ಇಟ್ಟುಕೊಂಡಿದ್ದೆವು. ನನ್ನ ಬಳಿ ಹೆಸರಿದ್ದ ಮನೆಗಳಿಗೆಲ್ಲ ಫೋನ್ ಮಾಡಿದ್ದೆ. ಮಧ್ಯಾಹ್ನದ ಹೊತ್ತಿಗೆ ನನಗೆ ಪರಿಚಯವಿಲ್ಲದವರೂ ಬರತೊಡಗಿದರು. ಬೈಂದೂರು ಕಡೆಯ ಒಬ್ಬ ಅಜ್ಜಿ, ಮುಸುಡಿ ಪೂರಾ ಬೆಳ್ಳಗಾದ ಮುದಿ ನಾಯಿಯೊಂದನ್ನು ಹಿಡಿದುಕೊಂಡು ಕೋಡಿಗೆ ಹೋಗಿ, ಅಲ್ಲಿ ಕೇಳಿಕೊಂಡು ಬಂದಿದ್ದರು. "ಈ ಸಲ ಫೋನ್ ಬರಲ್ಲೆ. ಕಂಡಕ್ಟ್ರಿಗೆ ಮರ್ತ್ ಹೋಯ್ತ್ ಅಂದ್ಕಂಡೆ" ಎಂದರು. ನಾನು ವಿಷಯ ಹೇಳಿದೆ. ಅವರು ನಾಯಿಯ ತಲೆ ಸವರಿದರು. ಆಮೇಲೆ ಹಗ್ಗವನ್ನು ನನ್ನ ಕಡೆ ಚಾಚಿ, "ಕಾಣ್ ಮಗಾ, ಸಪೂರ ಆಯ್ತಾ?" ಎಂದರು. ಮಾವ ಕಲಿಸಿದ ಹಾಗೆ ಪಕ್ಕೆಯ ಮೇಲೆ ಅಂಗೈ ಆಡಿಸಿದೆ. ಇಲ್ಲ, ಸಪೂರ ಆಗಿರಲಿಲ್ಲ.

ನಾನು ಸೇರುವ ಮುಂಚಿನ ವರ್ಷಗಳಲ್ಲಿ ಅವರು ಕೊಟ್ಟವುಗಳ ದಾಖಲೆ ಎಲ್ಲೂ ಇಲ್ಲ. ಯಾವ ಸ್ಟಾಪಿನಲ್ಲಿ ಇಳಿದು ಯಾವ ಮನೆಗೆ ಹೋಗಬೇಕೆಂಬುದು, ಫೋನ್ ನಂಬರು, ಎಲ್ಲ ಅವರ ತಲೆಯಲ್ಲೇ ಇತ್ತು. ಕುಂದಾಪುರ, ಬೈಂದೂರು, ಬ್ರಹ್ಮಾವರದ ಕಡೆ ಅವರ ಕೈಯಿಂದ ನಾಯಿಯನ್ನೋ ಬೆಕ್ಕನ್ನೋ ಪಡೆದವರು, ಅಂಥವರನ್ನು ಬಲ್ಲವರು, ದಯವಿಟ್ಟು ಈ ಪತ್ರಿಕೆಯ ವಿಳಾಸಕ್ಕೆ ಬರೆಯಿರಿ, ನನಗೆ ತಲುಪುತ್ತದೆ. ಆ ಜೀವ ಈಗ ಇಲ್ಲವಾಗಿದ್ದರೂ ಬರೆಯಿರಿ. ಅವರು ಎರಡು ಸಲ ನೋಡಿ ಒಪ್ಪಿದ ಮನೆ ಅದು. ಇಲ್ಲಿ ಇನ್ನೂ ಮನೆ ಸಿಗದ ಏಳು ನಾಯಿಗಳಿವೆ.