ಮೂರನೆಯ ಡಬ್ಬಿ

ಅಳತೆಗೆ ನಿಲ್ಲಿಸಿದರೆ ಎರಡು ಮೀಟರ್ ಬಟ್ಟೆಯೂ ಬೇಡದ ಹೆಂಗಸು, ಬಾಯಿ ಮುಚ್ಚಿಸಲು ಮಾತ್ರ ಇಡೀ ಥಾನೂ ಸಾಲದು ಎಂದು ಬಟ್ಟೆ ವ್ಯಾಪಾರಿ ಲ್ಯಾಬಿನಕ್ಕನನ್ನು ಮೊದಲ ನೋಟಕ್ಕೇ ತೂಗಿದ. ಮಗಳ ಮೈತುಂಬ ಏಳುತ್ತಿದ್ದ ದದ್ದಿಗೆ ಸೋಪು ಬದಲಿಸಿ ಬದಲಿಸಿ ಸೋತು, ಹೊಟ್ಟೆಯಲ್ಲಿ ಹುಳು ಇರಬಹುದೆಂದು ಡಾಕ್ಟರು ಬರೆದುಕೊಟ್ಟ ಮಲಪರೀಕ್ಷೆಗೆಂದು ಬಂದಿದ್ದ. ಯಾರು ಮಲದ ಡಬ್ಬಿ ಕೊಟ್ಟರೂ ಅಕ್ಕ ಉಡುಗೊರೆಯಂತೆ ಎರಡು ಕೈಯಲ್ಲಿ ತೆಗೆದುಕೊಳ್ಳುತ್ತಾಳೆ, ಸೂಕ್ಷ್ಮದರ್ಶಕಕ್ಕೆ ಕಣ್ಣಿಟ್ಟು ಹುಳುಗಳನ್ನು ನೆಂಟರಂತೆ ವಿಚಾರಿಸುತ್ತಾಳೆ, ಕಾದು ಕೂತವರಿಗೆ ಪಾಠವನ್ನೂ ಹೇಳುತ್ತಾಳೆ. “ಕರುಳಿನ ಗೋಡೇಲಿ ಮಾಸ್ಟ್ ಕೋಶ ಅಂತ ಕಾವಲುಗಾರರು ಇರ್ತಾರೆ, ಅಣ್ಣ. ಹುಳ ಕಂಡ್ರೆ ಮೂಟೆ ಬಿಚ್ಚಿ ಖಾರ ಎರಚ್ತಾರೆ, ಕರುಳು ಲೋಳೆ ಸುರಿಸಿ ಹುಳನ ಆಚೆ ತಳ್ಳುತ್ತೆ. ಆ ಗಲಾಟೆಗೇ ಕೆಲವರಿಗೆ ಮೈಯೆಲ್ಲ ಕಡಿತ. ಹುಳ ಏನು ಕಡಿಮೆನಾ? ಕಾವಲುಗಾರನಿಗೇ ಮಂಪರು ಬರೋ ರಸ ಬಿಟ್ಟು ಅಲ್ಲೇ ಸಂಸಾರ ಹೂಡುತ್ತೆ.” “ನಮ್ಮ ಗೋಡೌನ್ ಕಾವಲುಗಾರನಿಗೆ ಆ ರಸಾನೂ ಬೇಡ ಅಕ್ಕ,” ಎಂದ ವ್ಯಾಪಾರಿ. ಎರಡು ದಿನ ನೋಡಿದರೂ ಏನೂ ಸಿಗಲಿಲ್ಲ. ಸಾಕು ಬಿಡಿ ಎಂದವನ ಕೈಗೆ “ಮೊಟ್ಟೆ ದಿನಾ ಬೀಳಲ್ಲ ಅಣ್ಣ” ಎಂದು ಮೂರನೆಯ ಖಾಲಿ ಡಬ್ಬಿ ತುರುಕಿ, ಗಾಜು ಒರೆಸುತ್ತ ಮೆಲ್ಲಗೆ ಹೇಳಿದಳು: “ನನ್ನ ತಂಗಿಗೆ ಒಂದೇ ದಿನ ನೋಡಿ ಹುಳ ಇಲ್ಲ ಅಂದಿದ್ರು. ಅವಳು ಉಳೀಲಿಲ್ಲ.” ಮೂರನೆಯ ದಿನ ಹುಳುವಿನ ಮೊಟ್ಟೆ ಸಿಕ್ಕಿತು, ಡಾಕ್ಟರು ಕೊಟ್ಟ ಮಾತ್ರೆಗೆ ಹುಳುವೂ ಹೋಯಿತು, ದದ್ದೂ ಹೋಯಿತು. ಮಗಳು ಈಗ ತುರಿಸಿಕೊಳ್ಳದೆ ಆಡುತ್ತಾಳೆ. ಅದಕ್ಕೆ ವ್ಯಾಪಾರಿ ಲ್ಯಾಬಿನಕ್ಕನಿಗೆ ಋಣಿ.