ಮುಂದಿನ ಆವೃತ್ತಿಯಲ್ಲಿ ಇರುವುದಿಲ್ಲ

ನಮ್ಮ ಕಚೇರಿಯಲ್ಲಿ ಅವರನ್ನು ಎಲ್ಲರೂ ಪೈಪಕ್ಕ ಎಂದೇ ಕರೆಯುತ್ತಿದ್ದೆವು. ಎದುರಿಗೇ ಕರೆದರೂ ಬೇಸರ ಮಾಡಿಕೊಳ್ಳುತ್ತಿರಲಿಲ್ಲ. ಅವರದು ಕಂಪ್ಯೂಟರಿಗೆ ಕೋಡ್ ಬರೆಯುವ ಕಸುಬು; ಅದರಲ್ಲಿ ಒಂದೊಂದು ಕೆಲಸ ಮಾಡುವ ತುಂಡಿಗೆ ಫಂಕ್ಷನ್ ಎನ್ನುತ್ತಾರೆ. ಒಂದು ಫಂಕ್ಷನ್‌ನಿಂದ ಹೊರಬಂದ ಅಂಕಿಅಂಶವನ್ನು ಇನ್ನೊಂದಕ್ಕೆ, ಅಲ್ಲಿಂದ ಮತ್ತೊಂದಕ್ಕೆ ಹರಿಸುವ ಗುರುತಿಗೆ ಅವರ ಕಸುಬಿನಲ್ಲಿ ಪೈಪ್ ಅನ್ನುತ್ತಾರೆ. ದಿನವಿಡೀ ಫೋನಿನಲ್ಲಿ "ಪೈಪ್ ಎಲ್ಲಿ ಒಡೆದಿದೆ ನೋಡಿ", "ಮೊದಲನೇ ಪೈಪಿನಿಂದ ಏನು ಬರ್ತಿದೆ ಹೇಳಿ" ಎನ್ನುತ್ತಿದ್ದುದನ್ನು ಕೇಳಿಸಿಕೊಂಡ ಕೆಳಗಿನ ಚಪ್ಪಲಿ ಅಂಗಡಿಯವರು ಒಂದು ದಿನ ಮೆಟ್ಟಿಲು ಹತ್ತಿ ಬಂದು, "ಮೇಡಂ, ನಮ್ಮ ಬಚ್ಚಲಲ್ಲಿ ನೀರು ಕಟ್ಕೊಂಡಿದೆ, ಸ್ವಲ್ಪ ನೋಡ್ತೀರಾ?" ಎಂದು ಕೇಳಿದ್ದರು. ಹೆಸರು ಅವತ್ತು ಅಂಟಿಕೊಂಡಿತು. ಬಚ್ಚಲನ್ನೂ ಅವರೇ ಕಡ್ಡಿ ಹಾಕಿ ಸರಿಮಾಡಿಕೊಟ್ಟರು ಅನ್ನುವುದು ಬೇರೆ ಮಾತು.

ನಮ್ಮದು ಮಕ್ಕಳ ಬೆಳವಣಿಗೆಯ ಲೆಕ್ಕ ಇಡುವ ಕಚೇರಿ. ಊರೂರಿನ ಶಾಲೆಗಳಲ್ಲಿ ಮಕ್ಕಳ ಎತ್ತರ, ತೂಕ, ತೋಳಿನ ಸುತ್ತಳತೆ ಅಳೆದು ಕಳಿಸುತ್ತಾರೆ. ದೂರದ ಕಡೆಯದ್ದನ್ನು ಅಲ್ಲಿನ ನಮ್ಮ ಶಾಖೆಗಳೇ ಲೆಕ್ಕ ಮಾಡಿ ಕಳಿಸುತ್ತವೆ; ಉಳಿದದ್ದನ್ನು ಲೆಕ್ಕಕ್ಕೆ ತರುವುದು ಪೈಪಕ್ಕನ ಕೆಲಸ, ವರದಿ ಮಾಡಿ ಅಚ್ಚಿಗೆ ಕಳಿಸುವುದು ನನ್ನದು. ನಮ್ಮ ಮೇಜುಗಳು ಎದುರುಬದುರು. ಅವರು ಕಂಪ್ಯೂಟರಿನ ಮೇಲಿನಿಂದ ಕಣ್ಣೆತ್ತಿದರೆ ನಾನು ಕಾಣಬೇಕು, ನಾನೆತ್ತಿದರೆ ಅವರು. ಹೀಗೆ ಕೂತು ಕೂತು ಒಬ್ಬರ ನಿಟ್ಟುಸಿರು ಇನ್ನೊಬ್ಬರಿಗೆ ಅರ್ಥವಾಗುವಷ್ಟು ಸಲಿಗೆ ಬೆಳೆದಿತ್ತು. ಈ ಕಥೆಯಲ್ಲಿ ನಾನು ಕಣ್ಣಾರೆ ಕಾಣದ್ದನ್ನು ಅವರೇ ನನಗೆ ಹೇಳಿದ್ದಾರೆ, ಒಂದೇ ಸಲಕ್ಕಲ್ಲ, ಚೂರು ಚೂರಾಗಿ.

ಅವರು ಬರೆದ ಲೈಬ್ರರಿಯನ್ನು ನಮ್ಮ ಕಚೇರಿ ಮಾತ್ರವಲ್ಲ, ನಾವು ಹೆಸರೂ ಕೇಳದ ಊರುಗಳ ಆಸ್ಪತ್ರೆ, ಕಾಲೇಜುಗಳೂ ಬಳಸುತ್ತಿದ್ದವು. ಲೈಬ್ರರಿ ಅಂದರೆ ಪುಸ್ತಕದ್ದಲ್ಲ. ಅಂಕಿಗಳನ್ನು ಸೋಸಲು, ಗುಂಪು ಮಾಡಲು, ಜೋಡಿಸಲು ಸಿದ್ಧವಾಗಿಟ್ಟ ಪುಟ್ಟ ಪುಟ್ಟ ಫಂಕ್ಷನ್‌ಗಳ ಕಟ್ಟು. ಯಾರು ಬೇಕಾದರೂ ಬಿಟ್ಟಿಯಾಗಿ ತೆಗೆದುಕೊಂಡು ಬಳಸಬಹುದು. ಅದರ ಕಟ್ಟುಪಾಡು ಒಂದೇ: ಫಂಕ್ಷನ್ ತನ್ನ ಕೈಗೆ ಬಂದದ್ದನ್ನು ಕೆಡಿಸಬಾರದು, ಅದನ್ನು ಹಾಗೇ ಬಿಟ್ಟು ಪಕ್ಕದಲ್ಲಿ ಹೊಸದನ್ನು ಮಾಡಿಕೊಡಬೇಕು. "ಮನುಷ್ಯರಿಗೂ ಹೀಗೊಂದು ಕಟ್ಟುಪಾಡು ಇದ್ದಿದ್ದರೆ ನಮ್ಮತ್ತಿಗೆ ನನ್ನ ಸೀರೆಗಳನ್ನ ಹೀಗೆ ಒಗೀತಿರಲಿಲ್ಲ" ಎಂದು ನಗುತ್ತಿದ್ದರು. ಅಣ್ಣ ತೀರಿಕೊಂಡ ಮೇಲೆ ಅತ್ತಿಗೆ, ಪೈಪಕ್ಕ ಇಬ್ಬರೇ ಒಂದು ಮನೆಯಲ್ಲಿದ್ದರು.

ಈ ಲೈಬ್ರರಿ ಶುರುವಾದಾಗ ಬರೆಯುವವರು ಇಬ್ಬರು. ಇನ್ನೊಬ್ಬರನ್ನು ಕಚೇರಿಯಲ್ಲಿ ಗಡ್ಡದವರು ಎನ್ನುತ್ತಿದ್ದರು. ನಾನು ಸೇರುವ ಹೊತ್ತಿಗೆ ಅವರು ಬಿಟ್ಟು ಹೋಗಿ ಆಗಿತ್ತು; ಕಿಟಕಿ ಪಕ್ಕದ ಖಾಲಿ ಕುರ್ಚಿಯನ್ನು ಮಾತ್ರ ನೋಡಿದ್ದೇನೆ. ಇಬ್ಬರೂ ಆ ಕಿಟಕಿಯ ಹತ್ತಿರ ಒಂದೇ ಉದ್ದನೆಯ ಮೇಜಿಗೆ ಕೂತು, ಒಬ್ಬರು ಬರೆದದ್ದನ್ನು ಇನ್ನೊಬ್ಬರು ತಿದ್ದಿ, ಜಗಳವಾಡಿ, ಮತ್ತೆ ಬರೆದು ಮೂರು ವರ್ಷ ಕಳೆದಿದ್ದರಂತೆ. ಫಂಕ್ಷನ್‌ಗಳಿಗೆ ಮನೆಮಾತಿನ ಹೆಸರೇ ಇಡಬೇಕೆಂದು ಹಟ ಹಿಡಿದವರು ಗಡ್ಡದವರು. ರಾಶಿ, ಹೆಣಿಗೆ, ತಿರುವು, ಜರಡಿ. ಎಲ್ಲೆಲ್ಲಿಯವರೋ ಅರ್ಥ ಗೊತ್ತಿಲ್ಲದೆ 'ಜರಡಿ' ಎಂದು ಟೈಪ್ ಮಾಡಿ ತಮ್ಮ ಅಂಕಿಗಳನ್ನು ಸೋಸಿಕೊಳ್ಳುತ್ತಿದ್ದರು.

ಜರಡಿಯನ್ನು ಗಡ್ಡದವರು ಒಂದು ಮಧ್ಯಾಹ್ನ ಕೂತ ಕೂತಲ್ಲೇ ಬರೆದದ್ದು. ಬಳಸುವವರಿಗಾಗಿ ಬರೆಯುವ ಸಹಾಯದ ಪುಟದಲ್ಲಿ ಉದಾಹರಣೆ ಕೊಡಬೇಕಲ್ಲ, ಅದಕ್ಕೆ ಪೈಪಕ್ಕನ ಮೇಜಿನ ಮೇಲೆ ದಿನಾ ಇರುತ್ತಿದ್ದ ಸಾಮಾನುಗಳನ್ನೇ ಕೋಷ್ಟಕ ಮಾಡಿದರು. ಕನ್ನಡಕ, ಲೋಟ, ಬಾಚಣಿಗೆ, ಕೊಡೆ, ಪ್ರತಿಯೊಂದರ ತೂಕ. ಕೊಡೆಯ ತೂಕ ಬರೆಯಬೇಕಾದ ಮನೆ ಖಾಲಿ. ಅವತ್ತು ಪೈಪಕ್ಕ ಕೊಡೆ ಮರೆತು ಬಂದಿದ್ದರು. ಅಂಥ ಖಾಲಿ ಮನೆ ಕಂಡರೆ ಜರಡಿ ಆ ಸಾಲನ್ನೇ ಸದ್ದಿಲ್ಲದೆ ಉದುರಿಸಿಬಿಡುತ್ತಿತ್ತು.

ಆಮೇಲೆ ಗಡ್ಡದವರಿಗೆ ದೂರದ ಊರಿನ ಶಾಲೆಯಲ್ಲಿ ಗಣಿತದ ಮೇಷ್ಟರ ಕೆಲಸ ಸಿಕ್ಕಿತು. ಕೊನೆಯ ದಿನ ಚಾರ್ಜರಿನ ವೈರು ಸುತ್ತುತ್ತಾ, ತಲೆ ಎತ್ತದೆ, "ನೀವೂ ಬರ್ತೀರಾ?" ಎಂದರಂತೆ. ಪೈಪಕ್ಕನ ತಾಯಿ ಆಗ ಹಾಸಿಗೆ ಹಿಡಿದಿದ್ದರು. ಆದರೂ ಇವರ ಬಾಯಿಗೆ ಬಂದದ್ದು ತಾಯಿಯ ಮಾತಲ್ಲ. "ಇಲ್ಲಿ ಕೆಲಸ ಯಾರು ನೋಡ್ಕೋತಾರೆ?" ಎಂದುಬಿಟ್ಟರು. ಗಡ್ಡದವರು "ಅದೂ ಸರಿ" ಎಂದು ಚೀಲದ ಜಿಪ್ ಎಳೆದರು.

"ಇನ್ನೊಂದು ಸಲ ಕೇಳ್ತಾರೆ ಅಂದ್ಕೊಂಡೆ ಕಣೇ" ಎಂದು ಪೈಪಕ್ಕ ನನಗೊಮ್ಮೆ ಹೇಳಿದ್ದರು. "ಕೇಳೋರು ಎರಡು ಸಲ ಕೇಳಬೇಕು ಅಂತ ಅವರಿಗೆ ಯಾರೂ ಹೇಳಿಕೊಟ್ಟಿರಲಿಲ್ಲ."

ವರ್ಷಗಳು ಕಳೆದವು. ಲೈಬ್ರರಿ ಬೆಳೆಯಿತು. ಹಳೆಯ ಫಂಕ್ಷನ್‌ಗಳಲ್ಲಿ ಕುಂದುಗಳು ಕಂಡವು, ಪೈಪಕ್ಕ ಒಂದೊಂದನ್ನೇ ಬದಲಾಯಿಸುತ್ತಾ ಬಂದರು. ಇಂಥದ್ದನ್ನು ಏಕಾಏಕಿ ಕಿತ್ತುಹಾಕುವಂತಿಲ್ಲ, ನಂಬಿಕೊಂಡವರ ಕೆಲಸ ನಿಂತುಹೋಗುತ್ತದೆ. ಮೊದಲು ಎಚ್ಚರಿಕೆ ಹಾಕಬೇಕು: 'ಈ ಫಂಕ್ಷನ್ ಹಳತಾಗಿದೆ. ಮುಂದಿನ ಆವೃತ್ತಿಯಲ್ಲಿ ಇರುವುದಿಲ್ಲ. ಬದಲಿಗೆ ಇಂಥದ್ದನ್ನು ಬಳಸಿ.' ಜನ ಬದಲಾಯಿಸಿಕೊಳ್ಳಲು ಸಮಯ ಕೊಟ್ಟು ಆಮೇಲೆ ತೆಗೆಯಬೇಕು. ರಾಶಿ ಹೀಗೆ ಹೋಯಿತು, ಹೆಣಿಗೆ ಹೋಯಿತು, ತಿರುವೂ ಹೋಯಿತು. ಜರಡಿಗೆ ಬದಲಾಗಿ 'ಆಯ್ಕೆ' ಎಂಬ ಹೊಸದನ್ನು ಬರೆದರು. ಅದು ಖಾಲಿ ಮನೆ ಕಂಡರೆ ನಿಂತು, ಏನು ಮಾಡಲಿ ಎಂದು ಕೇಳುತ್ತಿತ್ತು. ಜರಡಿಗೂ ಎಚ್ಚರಿಕೆ ಹಾಕಿದರು. ಆದರೆ ಮುಂದಿನ ಆವೃತ್ತಿ ಬಂತು, ಜರಡಿ ಇತ್ತು. ಅದರ ಮುಂದಿನದ್ದು ಬಂತು, ಆಗಲೂ ಇತ್ತು. ಗಡ್ಡದವರು ಬರೆದದ್ದರಲ್ಲಿ ಉಳಿದಿದ್ದದ್ದು ಅದೊಂದೇ. ಬಳಸುವವರಲ್ಲೊಬ್ಬ ತಮಾಷೆ ಮಾಡಿ ಬರೆದಿದ್ದ, "ಹೊರಟೆ ಹೊರಟೆ ಅಂತ ಚಪ್ಪಲಿ ಮೆಟ್ಟಿಕೊಂಡು ಬಾಗಿಲಲ್ಲೇ ಹರಟೆ ಹೊಡೆಯೋ ನೆಂಟರ ಹಾಗಿದೆ ನಿಮ್ಮ ಜರಡಿ." ಪೈಪಕ್ಕ ಅದನ್ನು ಓದಿ ಜೋರಾಗಿ ನಕ್ಕರು. ತೆಗೆಯಲಿಲ್ಲ.

ಒಂದು ಬೆಳಿಗ್ಗೆ ಗುಡ್ಡದ ಕಡೆಯ ಆಸ್ಪತ್ರೆಯಿಂದ ಮಕ್ಕಳ ಡಾಕ್ಟರಮ್ಮ ಒಬ್ಬರು ಫೋನ್ ಮಾಡಿದರು. ಫೋನ್ ಎತ್ತಿದ್ದು ನಾನು.

"ನಿಮ್ಮ ವರದಿ ಓದಿದೆ. ನಮ್ಮ ಕಡೆ ಮಕ್ಕಳ ತೂಕ ಸುಧಾರಿಸಿದೆ ಅಂತಿದೆಯಲ್ಲ?"

"ಹೌದು ಮೇಡಂ, ನಿಮ್ಮ ಕಡೆಯ ನಮ್ಮ ಶಾಖೆಯವರೇ ಲೆಕ್ಕ ಮಾಡಿ ಕಳಿಸಿದ್ದು."

"ಹಾಗಾದ್ರೆ ನನ್ನ ವಾರ್ಡಲ್ಲಿ ಒಂದು ಮಂಚಕ್ಕೆ ಇಬ್ಬಿಬ್ಬರು ಮಲಗಿದ್ದಾರಲ್ಲ, ಅವರು ಯಾರ ಮಕ್ಕಳು?"

ನಾನು ಫೋನನ್ನು ಪೈಪಕ್ಕನ ಕೈಗಿಟ್ಟೆ. ಅವರು ಕೇಳಿಸಿಕೊಂಡರು, ಶಾಖೆಯವರಿಂದ ಕೋಡ್ ತರಿಸಿಕೊಂಡರು, ಊಟಕ್ಕೂ ಏಳದೆ ಸಾಲು ಸಾಲಾಗಿ ನೋಡಿದರು. ಕೊನೆಗೆ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

ಅಳತೆಯ ದಿನ ಶಾಲೆಗೆ ಬರದಿದ್ದ ಮಕ್ಕಳ ತೂಕದ ಮನೆ ಖಾಲಿ ಇತ್ತು. ಆ ಮಕ್ಕಳು ಬರದಿದ್ದದ್ದು ಎದ್ದು ಬರುವ ತ್ರಾಣ ಇಲ್ಲದ್ದರಿಂದ. ಶಾಖೆಯವರು ಇನ್ನೂ ಬಳಸುತ್ತಿದ್ದ ಜರಡಿ ಅವರನ್ನೆಲ್ಲ ಉದುರಿಸಿಬಿಟ್ಟಿತ್ತು. ಉಳಿದವರು ಗಟ್ಟಿಮುಟ್ಟಾದವರು, ಸರಾಸರಿ ತಾನಾಗಿ ಮೇಲೇರಿತ್ತು. ಎಚ್ಚರಿಕೆ ಕಾಣಲಿಲ್ಲವೇ ಎಂದು ಪೈಪಕ್ಕ ಶಾಖೆಯವನನ್ನು ಕೇಳಿದರೆ ಅವನು ಪಾಪ, ಇದ್ದದ್ದನ್ನೇ ಹೇಳಿದ. "ಅಕ್ಕ, ಅದು ಯಾವಾಗ್ಲೂ ಬರುತ್ತಲ್ವಾ? ನಾನು ಕೆಲಸಕ್ಕೆ ಸೇರಿದಾಗಿಂದ್ಲೂ ಮುಂದಿನ ಆವೃತ್ತಿ ಅಂತಾನೇ ಇದೆ."

ಅವರ ಮುಖ ನೋಡಲು ನನಗೆ ಕಷ್ಟವಾಯಿತು. ಕುಡಿಯಲು ನೀರು ತಂದುಕೊಟ್ಟೆ. "ತೆಗೀತೀನಿ. ಇವತ್ತೇ" ಎಂದರು. ಸ್ವಲ್ಪ ಹೊತ್ತಾದ ಮೇಲೆ, "ಬರೆದವರಿಗೆ ಒಂದು ಮಾತು ಹೇಳಬೇಕಲ್ಲ" ಎಂದರು. ಲೈಬ್ರರಿಗಳನ್ನು ನೋಡಿಕೊಳ್ಳುವವರಲ್ಲಿ ಅಂಥ ರೂಢಿ ಇದೆಯೋ ಇಲ್ಲವೋ ನನಗೆ ಗೊತ್ತಿಲ್ಲ. ನಾನು ಕೇಳಲೂ ಇಲ್ಲ. ಗಡ್ಡದವರ ನಂಬರ್ ಅವರಿಗೆ ಬಾಯಿಪಾಠ ಇತ್ತು. ಎದ್ದು ಹೊರಗೆ ಹೋಗಬೇಕೆಂದಿದ್ದೆ, ಕೈಸನ್ನೆ ಮಾಡಿ ಕೂರಿಸಿದರು. ಸ್ಪೀಕರಿನಲ್ಲೇ ಮಾತಾಡಿದರು, ಒಬ್ಬರೇ ಕೇಳಿಸಿಕೊಳ್ಳುವ ಧೈರ್ಯ ಇರಲಿಲ್ಲವೋ ಏನೋ.

ಆ ಕಡೆ ಮಕ್ಕಳ ಗಲಾಟೆ. ಬಾಗಿಲು ಹಾಕಿದ ಸದ್ದು. ಆಮೇಲೆ ದನಿ. "ಮೇಡಂನೋರು! ಎಷ್ಟು ವರ್ಷ ಆಯ್ತು! ಹೇಗಿದ್ದೀರಾ?"

"ಚೆನ್ನಾಗಿದ್ದೀನಿ. ಜರಡಿ ವಿಷಯಕ್ಕೆ ಫೋನ್ ಮಾಡ್ದೆ. ಅದನ್ನ ತೆಗೀತಾ ಇದ್ದೀನಿ."

"ಜರಡೀನಾ? ಅದಿನ್ನೂ ಇದೆಯಾ?" ಎಂದು ನಕ್ಕರು. "ಅವತ್ತಿಗೆ ಕೆಲಸ ಆಗ್ಲಿ ಅಂತ ಬರೆದಿದ್ದಲ್ವಾ ಅದು? ಯಾವತ್ತೋ ಕಿತ್ತು ಬಿಸಾಕಿರ್ತೀರಿ ಅಂದ್ಕೊಂಡಿದ್ದೆ."

ಪೈಪಕ್ಕ ಮೇಜಿನ ಅಂಚನ್ನು ಉಗುರಿನಿಂದ ಕೆರೆಯುತ್ತಿದ್ದರು. "ಆಮೇಲೆ ನೀವು ಅದನ್ನೆಲ್ಲ ನೋಡಲೇ ಇಲ್ವಾ?"

"ಮೊದಮೊದಲು ನೋಡ್ತಿದ್ದೆ. ಹೊಸ ಆವೃತ್ತಿ ಬಂದಾಗೆಲ್ಲ ಕೂತ್ಕೊಂಡು ಪೂರ್ತಿ ಓದ್ತಿದ್ದೆ. ಬದಲಾವಣೆಗಳ ವಿವರ ಯಾರು ಬರೆದಿದ್ದು ಅಂತ ಹಾಕದಿದ್ರೂ ನೀವೇ ಅಂತ ಗೊತ್ತಾಗೋದು. ಬೈಯೋ ಧಾಟೀಲಿ ಇರೋದು." ಕುರ್ಚಿ ಎಳೆದ ಸದ್ದಾಯಿತು. "ಆಮೇಲೆ ನಿಲ್ಲಿಸಿದೆ."

"ಯಾಕೆ?"

"ಮದುವೆ ಆಯ್ತು."

"ಯಾಕೆ, ಮನೆಯವರಿಗೆ ಕಂಪ್ಯೂಟರ್ ಅಂದ್ರೆ ಆಗಲ್ವಾ?"

ಇಬ್ಬರೂ ನಕ್ಕರು. ಆ ಕಡೆ ಯಾವುದೋ ಮಗು 'ಸಾರ್, ಸಾರ್' ಎಂದು ಬಾಗಿಲು ಬಡಿಯುತ್ತಿತ್ತು.

"ಅಮ್ಮ ಹೇಗಿದ್ದಾರೆ?" ಎಂದು ಅವರು ಕೇಳಿದರು.

"ನೀವು ಹೋದ ವರ್ಷವೇ ಹೋಗ್ಬಿಟ್ರು."

"ಅಯ್ಯೋ. ಗೊತ್ತೇ ಆಗ್ಲಿಲ್ಲ ನನಗೆ." ಮತ್ತೆ ತಡೆದು, "ಗೊತ್ತಾಗಿದ್ರೆ..." ಎಂದರು. ಬಾಗಿಲು ಬಡಿಯುವುದು ಜೋರಾಯಿತು. ಮಾತು ಅಲ್ಲಿಗೇ ನಿಂತಿತು. "ತೆಗೆದುಹಾಕಿ ಮೇಡಂನೋರೇ, ಯೋಚನೆ ಮಾಡಬೇಡಿ" ಎಂದು ಫೋನಿಟ್ಟರು.

ಪೈಪಕ್ಕ ಅವತ್ತು ಸಂಜೆಯೊಳಗೆ ಜರಡಿಯನ್ನು ತೆಗೆದರು. ಅಳಿಸುವ ಮೊದಲು ಸಹಾಯದ ಪುಟವನ್ನು ತೆರೆದು ಓದಿದರು, ನನ್ನನ್ನು ಕರೆದು ತೋರಿಸಿದರು. ಕೋಷ್ಟಕದ ಕೆಳಗೆ ಗಡ್ಡದವರು ಒಂದು ಸಾಲು ಬರೆದಿದ್ದರು: 'ಕೊಡೆ ನಾಳೆ ಬರಬಹುದು.' ನಾನು ಆ ಸಾಲನ್ನು ಎರಡು ಸಲ ಓದಿದೆ. ಅವರು ಮಾತ್ರ "ಉದಾಹರಣೆ ಹೀಗೆಲ್ಲ ಬರೀಬಾರದು, ಓದೋರಿಗೆ ಗೊಂದಲ ಆಗುತ್ತೆ" ಎಂದು ಗುಂಡಿ ಒತ್ತಿದರು.

ಮರುದಿನದಿಂದ ಬೈಗುಳ ಶುರುವಾಯಿತು. ನಮ್ಮ ಕೆಲಸ ನಿಂತಿದೆ, ಮೊದಲೇ ಹೇಳಬಾರದಿತ್ತೇ ಎಂದು ಎಲ್ಲೆಲ್ಲಿಂದಲೋ ಬರೆದರು, ವರ್ಷಗಟ್ಟಲೆ ಹೇಳಿದ್ದರೂ. ಪೈಪಕ್ಕ ಒಬ್ಬೊಬ್ಬರಿಗೂ ಉತ್ತರ ಬರೆದು, ಕೋಡ್ ತಿದ್ದಿಕೊಟ್ಟರು. ಅಚ್ಚಾದ ವರದಿಯನ್ನು ವಾಪಸ್ ತೆಗೆದುಕೊಳ್ಳಬೇಕಾಯಿತು. ಮೇಲಧಿಕಾರಿ ಕೂಗಾಡಿದರು. ಸುಧಾರಣೆಯ ಸುದ್ದಿಯನ್ನು ಅವರು ಆಗಲೇ ಸಭೆಯಲ್ಲಿ ಹೇಳಿಕೊಂಡುಬಿಟ್ಟಿದ್ದರು. ತಪ್ಪು ತಮ್ಮದೇ ಎಂದು ಪೈಪಕ್ಕ ಬರೆದುಕೊಟ್ಟರು. ಆ ವರ್ಷದ ಬಡ್ತಿ ಕೈತಪ್ಪಿತು. ಆದರೆ ಹೊಸ ಲೆಕ್ಕ ನೋಡಿದ ಡಾಕ್ಟರಮ್ಮ ಬೆನ್ನು ಬಿಡದೆ ಒಂದು ವ್ಯಾನು ಮಂಜೂರು ಮಾಡಿಸಿಕೊಂಡರು. ಶಾಲೆಗೆ ಬರದ ಮಕ್ಕಳನ್ನು ಮನೆಗೇ ಹೋಗಿ ಅಳೆಯಬೇಕೆಂದು ತೀರ್ಮಾನವಾಯಿತು.

ಮೊದಲನೇ ಸಲ ಹೊರಟಾಗ ನಾವಿಬ್ಬರೂ ಹೋದೆವು. ಗುಡ್ಡದ ಓಣಿಯೊಂದರ ಕೊನೆಯ ಮನೆಯಲ್ಲಿ ಒಂದು ಹುಡುಗಿ ಗೋಡೆಗೆ ಮುಖ ಮಾಡಿ ಮಲಗಿತ್ತು. ನಿಲ್ಲಲಾಗದ್ದರಿಂದ ಮಲಗಿಸಿಯೇ ಟೇಪು ಹಿಡಿದೆವು. ತಾಯಿ ಅದನ್ನು ಎತ್ತಿಕೊಂಡು ತೂಕದ ಯಂತ್ರದ ಮೇಲೆ ನಿಂತಳು, ಆಮೇಲೆ ತಾನೊಬ್ಬಳೇ ನಿಂತಳು. ಕಳೆದರೆ ಉಳಿಯುವುದು ಮಗುವಿನ ತೂಕ.

"ನಾನು ದೊಡ್ಡೋಳಾಗಿದೀನಾ?" ಎಂದು ಹುಡುಗಿ ಕೇಳಿತು.

"ಉದ್ದ ಆಗಿದೀಯ. ದಪ್ಪ ಆಗಬೇಕು" ಎಂದು ಪೈಪಕ್ಕ ಅದರ ಹಣೆಯ ಕೂದಲು ಸರಿಸಿದರು. ಅದೇ ವಾರ ಡಾಕ್ಟರಮ್ಮ ಆ ಹುಡುಗಿಯನ್ನು ಆಸ್ಪತ್ರೆಗೆ ಸೇರಿಸಿಕೊಂಡರು. ಈಗ ಶಾಲೆಗೆ ಹೋಗುತ್ತಿದೆ.

ಅಲ್ಲಿಂದ ವಾಪಸ್ ಬರುವಾಗ ವ್ಯಾನಿನ ಹಿಂದಿನ ಸೀಟಿನಲ್ಲಿ ಕೂತಿದ್ದೆವು. ತಿರುವಿನಿಂದ ತಿರುವಿಗೆ ಗುಡ್ಡ ಇಳಿಯುತ್ತಿತ್ತು. ಬಹಳ ಹೊತ್ತು ಕಿಟಕಿಯಾಚೆಗೇ ನೋಡುತ್ತಿದ್ದ ಪೈಪಕ್ಕ ಇದ್ದಕ್ಕಿದ್ದಂತೆ, "ಅವರ ದನಿ ಸ್ವಲ್ಪ ದಪ್ಪ ಆಗಿದೆ ಕಣೇ" ಎಂದರು.

"ಹೂಂ" ಎಂದೆ.

"ಪಾಠ ಮಾಡಿ ಮಾಡಿ ಇರಬೇಕು" ಎಂದು ತಲೆಯನ್ನು ಗಾಜಿಗೆ ಒರಗಿಸಿದರು.